ಬ್ರಿಟನ್–ರಷ್ಯಾ ರಾಯಭಾರಿಗಳ ಪಟ್ಟಿ ಮಾಡುವುದು ಹೇಗೆ

ಎರಡು ದೇಶಗಳ ನಡುವೆ ಯಾರು ಯಾವಾಗ ರಾಯಭಾರಿಯಾಗಿದ್ದರು ಎಂದು ಪಟ್ಟಿ ಮಾಡುವುದಕ್ಕೆ ಹೆಸರು, ಬಂದ ವರ್ಷ, ಹೋದ ವರ್ಷ ಎಂಬ ಮೂರು ಕಾಲಂ ಸಾಕು ಅನ್ನಿಸುತ್ತದೆ. ಸಾಲದು. ಮೂರೇ ಕಾಲಂ ಹಾಕಿಕೊಂಡು ಹೊರಟರೆ ನಲವತ್ತು ಐವತ್ತು ಸಾಲು ತುಂಬುವಷ್ಟರಲ್ಲಿ ಎಡವಟ್ಟು ಶುರುವಾಗುತ್ತದೆ. ಒಂದೇ ಊರಲ್ಲಿ ಒಂದೇ ತಿಂಗಳು ಇಬ್ಬರು ರಾಯಭಾರಿಗಳು ಕಾಣುತ್ತಾರೆ. ಒಬ್ಬ ದೂತ ಹೊರಡುವ ಮೊದಲೇ ತಲುಪಿಬಿಟ್ಟಿರುತ್ತಾನೆ. ಅಪ್ಪ ಮಗ ಸೇರಿ ಒಬ್ಬನೇ ಮನುಷ್ಯನಾಗಿ ಐವತ್ತು ವರ್ಷ ಕೆಲಸ ಮಾಡಿರುತ್ತಾನೆ.

ಇಲ್ಲಿ ಬ್ರಿಟನ್–ರಷ್ಯಾ ಜೋಡಿಯನ್ನು ಹಿಡಿದು ಕೆಲಸ ಹೇಗೆ ಮಾಡಬೇಕೆಂದು ನೋಡೋಣ. ಯುರೋಪಿನ ಯಾವ ಜೋಡಿಗೂ ಕ್ರಮ ಇದೇ. ಈ ಜೋಡಿಯನ್ನು ಆರಿಸಿದ್ದಕ್ಕೆ ಕಾರಣ, ಆಗಬಹುದಾದ ತಪ್ಪುಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಒಂದು ಸಾಲು ಅಂದರೆ ಒಂದು ಪತ್ರ

ರಾಯಭಾರ ಅಂದಕೂಡಲೇ ನಮಗೆ ನೆನಪಾಗುವುದು ಕೃಷ್ಣ ಹಸ್ತಿನಾವತಿಗೆ ಹೋದದ್ದು. ಹೋದ, ಆಡಬೇಕಾದ ಮಾತು ಆಡಿದ, ಸಂಧಾನ ಮುರಿಯಿತು, ಹಿಂದಿರುಗಿದ. 1700ರ ತನಕ ಲಂಡನ್–ಮಾಸ್ಕೋ ನಡುವೆ ನಡೆದದ್ದು ಬಹುಪಾಲು ಇಂಥದೇ ರಾಯಭಾರ. ಮನೆ ಬಾಡಿಗೆಗೆ ಹಿಡಿದು, ಗುಮಾಸ್ತರನ್ನಿಟ್ಟುಕೊಂಡು, ಒಬ್ಬ ಹೋದರೆ ಇನ್ನೊಬ್ಬ ಬಂದು ಕೂರುವ ಕಾಯಂ ಕಚೇರಿ ಬಂದದ್ದು 18ನೇ ಶತಮಾನದಲ್ಲಿ. ಎರಡು ಬಗೆಯಲ್ಲೂ ತಪ್ಪದೆ ಇರುವುದು ಒಂದೇ: ಕಳುಹಿಸಿದ ದೊರೆ, ಬರಮಾಡಿಕೊಳ್ಳುವ ದೊರೆಗೆ ಬರೆದ ಅಧಿಕಾರ ಪತ್ರ. ಆದ್ದರಿಂದ ಪಟ್ಟಿಯ ಒಂದು ಸಾಲನ್ನು ಒಬ್ಬ ಮನುಷ್ಯ ಎಂದು ಎಣಿಸಬೇಡಿ, ಒಂದು ಪತ್ರ ಎಂದು ಎಣಿಸಿ. ಮುಂದಿನ ಅರ್ಧ ಗೊಂದಲ ಇದರಿಂದಲೇ ಕಳೆಯುತ್ತದೆ.

ಪತ್ರ ಯಾರದು ಎನ್ನುವುದು ಮುಖ್ಯ, ಹೊತ್ತವನು ಯಾವ ದೇಶದವನು ಎನ್ನುವುದಲ್ಲ. ಜೆರೋಮ್ ಹಾರ್ಸಿ ಇಂಗ್ಲೆಂಡಿನವನು, ರಷ್ಯಾ ಜೊತೆ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ಮಸ್ಕೋವಿ ಕಂಪನಿಯ ನೌಕರ. 1580ರಲ್ಲಿ ಅವನು ಹೊರಟದ್ದು ರಷ್ಯಾದ ದೊರೆ 4ನೇ ಇವಾನನ ಪತ್ರವನ್ನು ರಾಣಿ ಎಲಿಜಬೆತ್‌ಗೆ ತಲುಪಿಸಲು. ಅವನೇ ಬರೆದಿಟ್ಟ ಪ್ರಕಾರ ಆ ಪತ್ರ ಹೋದದ್ದು ಮದ್ಯ ತುಂಬಿದ ಮರದ ಬಾಟಲಿಯ ಕಳ್ಳ ಗೋಡೆಯೊಳಗೆ, ಕುದುರೆಯ ಕೇಸರದಡಿ. ಈ ಪ್ರಯಾಣ ಸೇರಬೇಕಾದದ್ದು ರಷ್ಯಾದಿಂದ ಇಂಗ್ಲೆಂಡಿಗೆ ಹೋದವರ ಪಟ್ಟಿಗೆ. ಮುಂದೆ ಲಂಡನ್ನಿನಲ್ಲಿ ರಷ್ಯಾದ ಪರ ಕುಳಿತವರಲ್ಲೂ ಮೊಲ್ಡೇವಿಯಾದ ರಾಜಕುಮಾರ ಆಂಟಿಯೋಖ್ ಕಾಂತೆಮೀರ್ ಇದ್ದಾನೆ. ಲೀವೆನ್, ಬ್ರುನ್ನೋವ್, ಬೆಂಕೆನ್‌ಡಾರ್ಫ್ ತರಹದ ಜರ್ಮನ್ ಮೂಲದ ಹೆಸರುಗಳಿವೆ. ಹೆಸರು ನೋಡಿ ದೇಶ ಊಹಿಸಿದರೆ ಸಾಲು ತಪ್ಪು ಹಾಳೆಗೆ ಹೋಗುತ್ತದೆ.

ಹಾಳೆ ಎರಡು ಬೇಕು ಅನ್ನುವುದೂ ಇದರಲ್ಲೇ ಬಂತು: ಲಂಡನ್ನಿನಿಂದ ಹೋದವರದ್ದು ಒಂದು, ಲಂಡನ್ನಿಗೆ ಬಂದವರದ್ದು ಇನ್ನೊಂದು. ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ ನೋಡಲು ಚೆಂದ. ಆದರೆ ಎರಡೂ ಕಡೆ ಆರಂಭ, ಅಂತ್ಯ, ದರ್ಜೆ ಯಾವುದೂ ಹೊಂದುವುದಿಲ್ಲ.

ಪ್ರತಿ ಹಾಳೆಗೂ ಹತ್ತು ಕಾಲಂ ಹಾಕಿ: ಹೆಸರು, ಆಗಿನ ಬಿರುದು, ಪತ್ರದಲ್ಲಿರುವ ದರ್ಜೆ, ಕಳುಹಿಸಿದ ದೊರೆ ಅಥವಾ ಸರ್ಕಾರ, ಪತ್ರ ಸ್ವೀಕರಿಸಿದವರು, ನೇಮಕದ ದಿನ, ತಲುಪಿದ ದಿನ, ಪತ್ರ ಸಲ್ಲಿಸಿದ ದಿನ, ಹೊರಟ ದಿನ, ಕೊನೆಯದಾಗಿ ಟಿಪ್ಪಣಿ. ಎಲ್ಲ ಕಾಲಂ ಎಲ್ಲ ಸಾಲಿಗೂ ತುಂಬುವುದಿಲ್ಲ, ಚಿಂತೆ ಬೇಡ. ಸಿಗದ ದಿನಾಂಕವನ್ನು ಖಾಲಿ ಬಿಡಿ. ಪಕ್ಕದ ಕಾಲಂನಿಂದ ಎತ್ತಿ ಹಾಕಬೇಡಿ. ಅಂತರ್ಜಾಲದ ಬಹುತೇಕ ಪಟ್ಟಿಗಳು ಕೆಟ್ಟಿರುವುದು ಹಾಗೆಯೇ. ಒಂದು ಸಾಲಿನಲ್ಲಿ ನೇಮಕದ ವರ್ಷ, ಮುಂದಿನ ಸಾಲಿನಲ್ಲಿ ಪತ್ರ ಸಲ್ಲಿಸಿದ ವರ್ಷ, ಎರಡಕ್ಕೂ ತಲೆಬರಹ ಮಾತ್ರ ‘ಆರಂಭ’.

‘ಅಧಿಕಾರಾವಧಿ ಶುರುವಾದದ್ದು ಯಾವತ್ತು’ ಎಂಬ ಪ್ರಶ್ನೆಗೆ ಇವತ್ತಿನ ಉತ್ತರ 1961ರ ವಿಯೆನ್ನಾ ಒಪ್ಪಂದದ 13ನೇ ವಿಧಿಯಲ್ಲಿದೆ. ಪತ್ರ ಸಲ್ಲಿಸಿದ ದಿನ, ಇಲ್ಲವೇ ಬಂದಿದ್ದೇನೆಂದು ತಿಳಿಸಿ ಪತ್ರದ ಪ್ರತಿಯನ್ನು ವಿದೇಶಾಂಗ ಸಚಿವಾಲಯಕ್ಕೆ ಕೊಟ್ಟ ದಿನ. ಎರಡರಲ್ಲಿ ಯಾವುದೆಂದು ಬರಮಾಡಿಕೊಳ್ಳುವ ದೇಶದ ಪದ್ಧತಿ ನಿರ್ಧರಿಸುತ್ತದೆ. ಹಳೆಯ ಕಾಲಕ್ಕೆ ಪತ್ರ ಸಲ್ಲಿಸಿದ ದಿನವನ್ನೇ ಹಿಡಿಯುವುದು ಕ್ಷೇಮ.

ಪತ್ರದ ಕಾಲಂ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನಲು ಪಟ್ಟಿಯ ಮೊದಲ ಸಾಲೇ ಸಾಕು. 1553ರ ಬೇಸಿಗೆಯಲ್ಲಿ ಇಂಗ್ಲಿಷ್ ನಾವಿಕ ರಿಚರ್ಡ್ ಚಾನ್ಸಲರ್ ಚೀನಾಕ್ಕೆ ಈಶಾನ್ಯದ ದಾರಿ ಹುಡುಕುತ್ತಾ ಹೋಗಿ ಬಿಳಿ ಸಮುದ್ರದ ದ್ವಿನಾ ನದಿಯ ಬಾಯಿಗೆ ಬಂದ. ಅವನ ಬಳಿ ಇದ್ದದ್ದು ಇಂಗ್ಲೆಂಡಿನ ದೊರೆ 6ನೇ ಎಡ್ವರ್ಡ್ ಯಾವ ದೊರೆಯ ಹೆಸರನ್ನೂ ಹಾಕದೆ ದಾರಿಯಲ್ಲಿ ಸಿಗುವ ರಾಜರಿಗೆಲ್ಲ ಬರೆದುಕೊಟ್ಟ ಪತ್ರ. ಜುಲೈ 6ರಂದು ಎಡ್ವರ್ಡ್ ತೀರಿಕೊಂಡಿದ್ದ. ಚಾನ್ಸಲರ್ ದಡ ಮುಟ್ಟಿದ್ದು ಆಗಸ್ಟ್‌ನಲ್ಲಿ. ಅಂದರೆ ಸತ್ತ ದೊರೆಯ, ವಿಳಾಸವಿಲ್ಲದ ಪತ್ರ. ಆದರೂ ಮಾಸ್ಕೋದಲ್ಲಿ ಇವಾನ್ ಅದನ್ನು ಒಪ್ಪಿಕೊಂಡು ಮಾತಾಡಿದ. ಇದನ್ನು ‘ಮೊದಲ ಬ್ರಿಟಿಷ್ ರಾಯಭಾರಿ’ ಎಂದು ಬರೆದರೆ ಮೂರೂ ಪದ ತಪ್ಪು. ಬ್ರಿಟನ್ ಎಂಬ ಒಂದೇ ರಾಜ್ಯ ಆದದ್ದು 1707ರಲ್ಲಿ. ರಾಯಭಾರಿ ದರ್ಜೆ ಅವನಿಗಿರಲಿಲ್ಲ. ಇನ್ನು ‘ಮೊದಲ’ ಅನ್ನಲು ಆಗ ಅಂಥದೊಂದು ಹುದ್ದೆಯೇ ಇರಲಿಲ್ಲ. ದರ್ಜೆಯ ಕಾಲಂನಲ್ಲಿ ಗೆರೆ ಎಳೆದು ಟಿಪ್ಪಣಿಯಲ್ಲಿ ಕಥೆ ಬರೆಯಿರಿ.

ದಿನಾಂಕ: ಹೆಚ್ಚು ಸಮಯ ತಿನ್ನುವುದು ಇದೇ

ಯುರೋಪಿನ ಹಳೆ ದಿನಾಂಕ ಅಂದರೆ ಜೂಲಿಯನ್, ಗ್ರೆಗೋರಿಯನ್ ಎರಡು ಪಂಚಾಂಗ ಅನ್ನುವುದು ಹಲವರಿಗೆ ಗೊತ್ತು. ಗೊತ್ತಿರುವುದರಿಂದಲೇ ತಪ್ಪೂ ಆಗುತ್ತದೆ. ರಷ್ಯಾ ಅಂದಕೂಡಲೇ ಹತ್ತೋ ಹನ್ನೊಂದೋ ದಿನ ಕೂಡಿಸಿಬಿಡುತ್ತಾರೆ. 1752ರ ಸೆಪ್ಟೆಂಬರ್ 2ರ ತನಕ ಇಂಗ್ಲೆಂಡ್ ಕೂಡ ಜೂಲಿಯನ್ ಪಂಚಾಂಗವನ್ನೇ ಬಳಸುತ್ತಿತ್ತು. ಮರುದಿನ ಅಲ್ಲಿ ಸೆಪ್ಟೆಂಬರ್ 14 ಆಯಿತು. ಅಲ್ಲಿಯವರೆಗೆ ಲಂಡನ್ ಮತ್ತು ಮಾಸ್ಕೋದಲ್ಲಿ ತಿಂಗಳು, ತಾರೀಖು ಒಂದೇ, ಕೂಡಿಸಲು ಏನೂ ಇಲ್ಲ. ಪ್ಯಾರಿಸ್ಸಿನಿಂದಲೋ ವಿಯೆನ್ನಾದಿಂದಲೋ ಬರೆದ ಪತ್ರದಲ್ಲಿ ಇದೇ ಘಟನೆ ಬಂದರೆ ಮಾತ್ರ ಅಂತರ ಕಾಣುತ್ತದೆ.

ಬೇರೆಯಾಗಿದ್ದದ್ದು ವರ್ಷ. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರ ತನಕದ ದಿನಗಳಿಗೆ ಹಿಂದಿನ ವರ್ಷದ ಸಂಖ್ಯೆಯೇ ಇರುತ್ತದೆ. ರಷ್ಯಾದಲ್ಲಿ 1700ಕ್ಕೆ ಮುಂಚೆ ವರ್ಷ ಸೆಪ್ಟೆಂಬರ್ 1ಕ್ಕೆ ಶುರು, ಎಣಿಕೆ ಜಗತ್ತಿನ ಸೃಷ್ಟಿಯಿಂದ. ನಮ್ಮಲ್ಲಿ ಶಕವರ್ಷಕ್ಕೆ 78 ಕೂಡುವಾಗ ಯುಗಾದಿಯ ಆಚೆಯೋ ಈಚೆಯೋ ಎಂದು ನೋಡಿಕೊಳ್ಳುವಂತೆ ಇಲ್ಲೂ ನೋಡಬೇಕು: ಜನವರಿಯಿಂದ ಆಗಸ್ಟ್ ಆದರೆ 5508 ಕಳೆಯಿರಿ, ಸೆಪ್ಟೆಂಬರ್‌ನಿಂದ ಡಿಸೆಂಬರ್ ಆದರೆ 5509.

ಮೊದಲ ರಷ್ಯನ್ ದೂತ ಓಸಿಪ್ ನೆಪೇಯನ ಸಾಲನ್ನು ಹಿಡಿದು ಇದನ್ನು ಮಾಡಿ ನೋಡಿ. 1556ರ ಬೇಸಿಗೆಯಲ್ಲಿ ಚಾನ್ಸಲರ್ ಜೊತೆ ಹಡಗು ಹತ್ತಿದ. ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಪಿಟ್‌ಸ್ಲಿಗೋ ಕರಾವಳಿಯಲ್ಲಿ ಹಡಗು ಒಡೆಯಿತು. ಚಾನ್ಸಲರ್ ಮುಳುಗಿ ಸತ್ತ, ನೆಪೇಯ ಬದುಕಿದ. ಲಂಡನ್ ಸೇರಿದ್ದು ಫೆಬ್ರವರಿ ಕೊನೆಗೆ. ಇಂಗ್ಲಿಷ್ ದಾಖಲೆಯ ವರ್ಷದ ಲೆಕ್ಕದಲ್ಲಿ ಅದು ‘ಫೆಬ್ರವರಿ 1556’. ಹಾಗೇ ನಕಲು ಮಾಡಿದರೆ ಹಡಗು ಒಡೆಯುವ ಒಂಬತ್ತು ತಿಂಗಳ ಮೊದಲೇ ಅವನು ಲಂಡನ್ನಿನಲ್ಲಿ ಓಡಾಡುತ್ತಿರುತ್ತಾನೆ! ನಮ್ಮ ಎಣಿಕೆಯಲ್ಲಿ ಅದು 1557ರ ಫೆಬ್ರವರಿ. ರಷ್ಯನ್ ಎಣಿಕೆಯಲ್ಲಾದರೆ ಹಡಗು ಒಡೆದದ್ದೂ ಲಂಡನ್ ಪ್ರವೇಶವೂ ಎರಡೂ 7065ರಲ್ಲಿ: 7065ರಿಂದ 5509 ಕಳೆದರೆ ನವೆಂಬರ್ 1556, 5508 ಕಳೆದರೆ ಫೆಬ್ರವರಿ 1557. ಮೂರೂ ತಾಳೆಯಾಯಿತು. ಪಟ್ಟಿಯಲ್ಲಿ ಇಂಥ ದಿನಾಂಕಗಳನ್ನು ‘ಫೆಬ್ರವರಿ 1556/57’ ಎಂದು ಬರೆಯಿರಿ, ಓದುವವರು ಎಡವುವುದಿಲ್ಲ.

1752ರ ನಂತರ ಕೂಡಿಸುವ ಕೆಲಸ ನಿಜವಾಗಿ ಬರುತ್ತದೆ. ರಷ್ಯಾದ ಹಳೆಯ ದಿನಾಂಕಕ್ಕೆ 1800ರ ಫೆಬ್ರವರಿ ಕೊನೆಯ ತನಕ 11 ದಿನ, ಅಲ್ಲಿಂದ 1900ರ ಫೆಬ್ರವರಿ ಕೊನೆಯ ತನಕ 12, ಆಮೇಲೆ 13. 1918ರ ಜನವರಿ 31ರ ಮರುದಿನ ಅಲ್ಲಿ ಫೆಬ್ರವರಿ 14 ಆಗಿ ಲೆಕ್ಕ ಮುಗಿಯುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನಿಂದ ಬರೆಯುತ್ತಿದ್ದ ಬ್ರಿಟಿಷ್ ದೂತರು ಎರಡನ್ನೂ ಭಿನ್ನರಾಶಿಯಂತೆ ಮೇಲೆ ಕೆಳಗೆ ಬರೆಯುತ್ತಿದ್ದರು. ಬ್ರಿಟನ್–ರಷ್ಯಾ ನಡುವಿನ 1812ರ ಒರೆಬ್ರೊ ಶಾಂತಿ ಒಪ್ಪಂದವನ್ನು ಜುಲೈ 6/18 ಎನ್ನುವುದು ಹೀಗೆ. ಅಂಕಿ ಎರಡಿದ್ದರೆ ದೊಡ್ಡದನ್ನು ಹಿಡಿಯಿರಿ. ತಿಂಗಳ ಕೊನೆಯಲ್ಲಿ ಎಚ್ಚರ: ‘ಆಗಸ್ಟ್ 26/ಸೆಪ್ಟೆಂಬರ್ 7’ ಎಂದಿದ್ದಾಗ ದೊಡ್ಡ ಅಂಕಿ ಅಂತ 26ನ್ನು ಹಿಡಿದರೆ ಹೋಯಿತು. ವರ್ಷದ ಕೊನೆಯಲ್ಲಿ ವರ್ಷವೇ ಜಾರುತ್ತದೆ. ಬ್ರಿಟಿಷ್ ರಾಯಭಾರಿ ಸರ್ ಜಾರ್ಜ್ ಬ್ಯುಕ್ಯಾನನ್ ಪೆಟ್ರೊಗ್ರಾಡ್ (ಸೇಂಟ್ ಪೀಟರ್ಸ್‌ಬರ್ಗಿನ ಆಗಿನ ಹೆಸರು) ಬಿಟ್ಟದ್ದು 1918ರ ಜನವರಿ ಆರಂಭದಲ್ಲಿ. ಅಲ್ಲಿನ ಪಂಚಾಂಗದಲ್ಲಿ ಅದಿನ್ನೂ 1917ರ ಡಿಸೆಂಬರ್.

ದಿನಾಂಕಗಳನ್ನು ಸ್ಪ್ರೆಡ್‌ಶೀಟಿನ ದಿನಾಂಕ ಮಾದರಿಯಲ್ಲಿ ಹಾಕಲೇಬೇಡಿ. ಹಲವು ತಂತ್ರಾಂಶಗಳಿಗೆ 1900ಕ್ಕೆ ಹಿಂದಿನದು ಅರ್ಥವೇ ಆಗುವುದಿಲ್ಲ, ಅರ್ಥವಾದವು ತಮ್ಮ ಪಾಡಿಗೆ ಬದಲಿಸಿಬಿಡುತ್ತವೆ. ಕಾಲಂ ಅನ್ನು ಮೊದಲೇ ಬರೀ ಪಠ್ಯ ಎಂದು ಗುರುತಿಸಿ. ವರ್ಷ, ತಿಂಗಳು, ದಿನ ಕ್ರಮದಲ್ಲಿ ಬರೆದು ಪಕ್ಕದಲ್ಲಿ ‘ಹಳೆ’ ಅಥವಾ ‘ಹೊಸ’ ಎಂದು ಒಂದು ಪದ ಸೇರಿಸಿ.

ದರ್ಜೆ: ಅನುವಾದ ಮಾಡಲು ಹೋಗಿ ಕೆಡಿಸಬೇಡಿ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಮೂರು ಗುಂಡಿಗಳಿವೆ. ‘ಮಿನಿಸ್ಟರ್’ ಎಂದಿರುವುದನ್ನು ಮಂತ್ರಿ ಎಂದು ಮಾಡಿದರೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ದೂತ ಬ್ರಿಟಿಷ್ ಸಂಪುಟಕ್ಕೆ ಸೇರಿಬಿಡುತ್ತಾನೆ. ‘ಎನ್ವಾಯ್ ಎಕ್ಸ್‌ಟ್ರಾಆರ್ಡಿನರಿ’ ಎಂಬುದನ್ನು ವಿಶೇಷ ದೂತ ಎಂದರೆ ಏನೋ ತುರ್ತು ಕೆಲಸಕ್ಕೆ ಬಂದು ಹೋದವನಂತೆ ಕೇಳುತ್ತದೆ. ಕಾಲ ಕಳೆದಂತೆ ಅದು ಎರಡನೇ ದರ್ಜೆಯ ಕಾಯಂ ಪ್ರತಿನಿಧಿಯ ಮಾಮೂಲು ಬಿರುದಾಯಿತು. ಇನ್ನು ‘ರೆಸಿಡೆಂಟ್’. ಮೈಸೂರಿನ ಚರಿತ್ರೆ ಓದಿದವರಿಗೆ ಈ ಪದ ಹೊಸದಲ್ಲ. ಆದರೆ ಮೈಸೂರಿನ ರೆಸಿಡೆಂಟ್ ಅರಮನೆಗೇ ಬುದ್ಧಿ ಹೇಳುವ ಸ್ಥಾನದಲ್ಲಿದ್ದವನು. ಯುರೋಪಿನ ರೆಸಿಡೆಂಟ್ ಕೆಳಗಿನ ಮೆಟ್ಟಿಲಿನವನು, ದೊರೆಯ ಭೇಟಿಗೆ ಹೊರಕೋಣೆಯಲ್ಲಿ ಕಾಯುವವನು. ಈ ಬಿರುದುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಇದ್ದ ಹಾಗೇ ಬರೆದು, ‘ರಾಯಭಾರಿ’ ಪದವನ್ನು ಅಂಬಾಸಡರ್ ದರ್ಜೆಗೆ ಮಾತ್ರ ಮೀಸಲಿಡಿ. ಕಾಮನ್‌ವೆಲ್ತ್ ದೇಶಗಳ ‘ಹೈಕಮಿಷನರ್’ ಈ ಜೋಡಿಗೆ ಸಂಬಂಧಪಡುವುದಿಲ್ಲ.

ದರ್ಜೆಗಳ ಕ್ರಮ ನಿಗದಿಯಾದದ್ದು 1815ರ ಮಾರ್ಚ್ 19ರ ವಿಯೆನ್ನಾ ನಿಯಮದಲ್ಲಿ: ಅಂಬಾಸಡರ್, ಎನ್ವಾಯ್ ಮತ್ತು ಮಿನಿಸ್ಟರ್, ಶಾರ್ಜೆ ದಫೇರ್ (ಕಚೇರಿಯ ಉಸ್ತುವಾರಿ). ಮೊದಲೆರಡು ದರ್ಜೆಗೆ ಪತ್ರ ಹೋಗುವುದು ದೊರೆಯಿಂದ ದೊರೆಗೆ, ಮೂರನೆಯದಕ್ಕೆ ವಿದೇಶಾಂಗ ಸಚಿವರಿಂದ ಸಚಿವರಿಗೆ. 1818ರಲ್ಲಿ ಎಕ್ಸ್-ಲಾ-ಶಾಪೆಲ್‌ನಲ್ಲಿ ಎರಡು ಮತ್ತು ಮೂರರ ನಡುವೆ ಮಿನಿಸ್ಟರ್ ರೆಸಿಡೆಂಟ್ ಸೇರಿತು. ಅದಕ್ಕೆ ಹಿಂದಿನ ಬಿರುದುಗಳನ್ನು ಈ ಏಣಿಗೆ ಒಗ್ಗಿಸಲು ಹೋಗಬೇಡಿ. ಮಾಸ್ಕೋಗೆ ತನ್ನದೇ ಏಣಿಯಿತ್ತು: ಪೊಸೋಲ್ ಮೇಲೆ, ಪೊಸ್ಲಾನ್ನಿಕ್ ನಡುವೆ, ಗೊನೆಟ್ಸ್ ಅಂದರೆ ಬರೀ ಓಲೆಕಾರ ಕೆಳಗೆ.

ದರ್ಜೆ ಯಾವಾಗಲೂ ಏರುತ್ತಾ ಹೋಗುತ್ತದೆ ಎಂಬ ನಂಬಿಕೆಯೂ ಬೇಡ. ಲಾರ್ಡ್ ಸ್ಟುವರ್ಟ್ ಡಿ ರಾಥ್ಸೆ 1844ರ ತನಕ ರಷ್ಯಾದಲ್ಲಿ ಅಂಬಾಸಡರ್. ಅವನ ನಂತರದ ಬ್ಲೂಮ್‌ಫೀಲ್ಡ್, ಅವನ ನಂತರದ ಹ್ಯಾಮಿಲ್ಟನ್ ಸೀಮೋರ್ ಇಬ್ಬರೂ ಎನ್ವಾಯ್. ಮತ್ತೆ ಅಂಬಾಸಡರ್ ದರ್ಜೆಗೆ ಬಂದದ್ದು 1860ರ ದಶಕದ ಆರಂಭಕ್ಕೆ. ಪಟ್ಟಿಗೆ ‘ರಾಯಭಾರಿಗಳು’ ಎಂದು ತಲೆಬರಹ ಕೊಟ್ಟು ಇವರನ್ನೂ ಸೇರಿಸಿದ್ದರೆ ದರ್ಜೆಯ ಕಾಲಂ ಇಲ್ಲದೆ ಅದು ಸುಳ್ಳಾಗುತ್ತದೆ.

ಕಾನ್ಸಲ್‌ಗಳನ್ನು ಸೇರಿಸಬೇಕೇ? ಬೇಡ, ಅವರದು ವ್ಯಾಪಾರದ ಕೆಲಸ. ಆದರೆ ಅದೇ ಮನುಷ್ಯ ಆಮೇಲೆ ದೂತನಾದರೆ ಅಲ್ಲಿಂದ ಸೇರಿಸಿ. 1720ರಲ್ಲಿ ಸಂಬಂಧ ಮುರಿದ ಮೇಲೆ ಬ್ರಿಟನ್ ಮೊದಲು ಕಳುಹಿಸಿದ್ದು ಕಾನ್ಸಲ್ ಜನರಲ್‌ನನ್ನು. ಅವನ ಕಾರ್ಯದರ್ಶಿಯಾಗಿ ಹೋದ ಕ್ಲಾಡಿಯಸ್ ರೊಂಡೋ 1731ರಲ್ಲಿ ರೆಸಿಡೆಂಟ್ ಆದ. ಅವನ ಸಾಲು 1731ರಿಂದ.

ಬಂದು ಹೋದವರು, ಬರಲೇ ಇಲ್ಲದವರು

1708ರ ಜುಲೈನಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಮತ್ವೇಯೆವ್ ಲಂಡನ್ನಿನಿಂದ ಹೊರಡುವ ತಯಾರಿಯಲ್ಲಿದ್ದ. ಸಾಲ ಕೊಟ್ಟವರು ಜವಾನರನ್ನು ಕರೆತಂದು ನಡುರಸ್ತೆಯಲ್ಲಿ ಅವನ ಗಾಡಿ ತಡೆದು ಹಿಡಿಸಿದರು. ರಾಯಭಾರಿಯನ್ನು ಬಂಧಿಸಬಾರದು ಎಂಬ ಲಿಖಿತ ಕಾನೂನೇ ಇಂಗ್ಲೆಂಡಿನಲ್ಲಿರಲಿಲ್ಲ. ಪೀಟರ್ ದೊರೆ ಕೆರಳಿದ. ಪಾರ್ಲಿಮೆಂಟು 1709ರಲ್ಲಿ ಕಾನೂನು ಮಾಡಿತು (ಅಧಿವೇಶನ ಶುರುವಾದ ವರ್ಷ ಹಿಡಿದು ಅದನ್ನು 1708ರ ಕಾಯ್ದೆ ಎಂದೇ ಕರೆಯುತ್ತಾರೆ, ಇದೂ ಒಂದು ದಿನಾಂಕದ ಗುಂಡಿ). ಕ್ಷಮೆ ಕೇಳುವ ಕೆಲಸ ಮಾಸ್ಕೋದಲ್ಲಿದ್ದ ಎನ್ವಾಯ್ ಚಾರ್ಲ್ಸ್ ವಿಟ್‌ವರ್ತ್ ಮೇಲೆ ಬಿತ್ತು. ಎನ್ವಾಯ್ ಕೇಳಿದರೆ ತೂಕ ಸಾಲದು ಎಂದು ಅದಕ್ಕಾಗಿಯೇ ಅವನನ್ನು ಅಂಬಾಸಡರ್ ದರ್ಜೆಗೆ ಏರಿಸಿ ಹೊಸ ಪತ್ರ ಕೊಟ್ಟರು. 1710ರ ಫೆಬ್ರವರಿಯಲ್ಲಿ ಅವನು ದೊರೆಯೆದುರು ರಾಣಿ ಆ್ಯನ್ ಪರವಾಗಿ ಕ್ಷಮೆ ಓದಿದ. ಇಂಗ್ಲಿಷ್ ಕಾಗದಗಳಲ್ಲಿ ಆ ತಿಂಗಳು 1709ರದ್ದು. ಪಟ್ಟಿಯಲ್ಲಿ ವಿಟ್‌ವರ್ತ್‌ಗೆ ಎರಡು ಸಾಲು ಬೇಕು: ಪತ್ರ ಎರಡು.

ಇದರ ತಿರುಗುಮುರುಗು 1856ರಲ್ಲಿದೆ. ಕ್ರಿಮಿಯಾ ಯುದ್ಧ ಮುಗಿದು ಕಾಯಂ ಎನ್ವಾಯ್ ಆಗಿ ಲಾರ್ಡ್ ವುಡ್‌ಹೌಸ್ ಹೋದ. ಅದೇ ವರ್ಷ ಸೆಪ್ಟೆಂಬರ್ 7ಕ್ಕೆ 2ನೇ ಅಲೆಕ್ಸಾಂಡರನ ಪಟ್ಟಾಭಿಷೇಕ. ಅದಕ್ಕೆಂದೇ ಅರ್ಲ್ ಗ್ರ್ಯಾನ್‌ವಿಲ್ ಅಂಬಾಸಡರ್ ಆಗಿ ಹೋಗಿ ಬಂದ. ಕಾಯಂ ಪಟ್ಟಿಯ ನಡುವೆ ಗ್ರ್ಯಾನ್‌ವಿಲ್‌ನನ್ನು ತುರುಕಿದರೆ ವುಡ್‌ಹೌಸ್ ಅವಧಿ ಎರಡು ತುಂಡಾಗುತ್ತದೆ. ಪಟ್ಟಾಭಿಷೇಕ, ಮದುವೆ, ಅಂತ್ಯಕ್ರಿಯೆಗೆ ಹೋದವರಿಗೆಲ್ಲ ಕೆಳಗೆ ಪ್ರತ್ಯೇಕ ಕೋಷ್ಟಕ ಮಾಡಿ.

ಬರಲೇ ಇಲ್ಲದವರ ದೊಡ್ಡ ಉದಾಹರಣೆ ಸ್ಟ್ರಾಟ್‌ಫರ್ಡ್ ಕ್ಯಾನಿಂಗ್. 1832ರಲ್ಲಿ ಬ್ರಿಟಿಷ್ ವಿದೇಶಾಂಗ ಸಚಿವ ಪಾಮರ್ಸ್ಟನ್ ಅವನನ್ನು ಸೇಂಟ್ ಪೀಟರ್ಸ್‌ಬರ್ಗಿಗೆ ಅಂಬಾಸಡರ್ ಎಂದು ಘೋಷಿಸಿಬಿಟ್ಟ. ರಷ್ಯಾದ ದೊರೆ 1ನೇ ನಿಕೊಲಾಸ್ ‘ಇವನು ಬೇಡ’ ಎಂದ. ಪಾಮರ್ಸ್ಟನ್ ಬೇರೆಯವನನ್ನು ಹಾಕಲೂ ಒಪ್ಪಲಿಲ್ಲ, ಕ್ಯಾನಿಂಗ್ ಹೋಗಲೂ ಇಲ್ಲ. ಹಗ್ಗಜಗ್ಗಾಟ ಬೆಳೆದು 1834ರಲ್ಲಿ ನಿಕೊಲಾಸ್ ತನ್ನ ರಾಯಭಾರಿ ಲೀವೆನ್‌ನನ್ನು ಲಂಡನ್ನಿನಿಂದ ವಾಪಸ್ ಕರೆಸಿಕೊಂಡ. 22 ವರ್ಷ ಅಲ್ಲಿದ್ದವನು ಲೀವೆನ್. ಅವನಿಗಿಂತ ಹೆಚ್ಚು ರಾಜಕೀಯ ನಡೆಸಿದ್ದು ಅವನ ಹೆಂಡತಿ ಡೊರೊತಿಯಾ ಎಂದು ಆಗಲೇ ಜನ ಆಡಿಕೊಳ್ಳುತ್ತಿದ್ದರು; ಪತ್ರ ಅವಳ ಹೆಸರಿನಲ್ಲಿಲ್ಲದ್ದರಿಂದ ಪಟ್ಟಿಗೆ ಬರುವುದಿಲ್ಲ. ಕ್ಯಾನಿಂಗ್ ಹೆಸರನ್ನು ಅಳಿಸಬೇಡಿ. ನೇಮಕದ ದಿನ ಬರೆದು, ಉಳಿದದ್ದನ್ನು ಖಾಲಿ ಬಿಟ್ಟು, ‘ಒಪ್ಪಿಗೆ ಸಿಗಲಿಲ್ಲ’ ಎಂದು ಟಿಪ್ಪಣಿ ಹಾಕಿ. ಹೆಸರು ಘೋಷಿಸುವ ಮೊದಲೇ ಒಪ್ಪಿಗೆ ಕೇಳುವ ಪದ್ಧತಿ ಈಗ ವಿಯೆನ್ನಾ ಒಪ್ಪಂದದ 4ನೇ ವಿಧಿಯಲ್ಲಿದೆ. ಬೇಡ ಎಂದರೆ ಕಾರಣ ಹೇಳಬೇಕಾಗಿಯೂ ಇಲ್ಲ.

ಖಾಲಿ ಕುರ್ಚಿ ಬೇರೆ, ಮುರಿದ ಸಂಬಂಧ ಬೇರೆ

ಕ್ಯಾನಿಂಗ್ ಪ್ರಕರಣದಲ್ಲಿ ಕುರ್ಚಿ ಖಾಲಿಯಿತ್ತು, ಕಚೇರಿ ನಡೆಯುತ್ತಿತ್ತು, ಹಂಗಾಮಿಯಾಗಿ ಒಬ್ಬರು ನೋಡಿಕೊಳ್ಳುತ್ತಿದ್ದರು. ಇದು ವಿರಾಮ ಅಷ್ಟೆ. ಸಂಬಂಧವೇ ಮುರಿದ ಕಾಲಕ್ಕೆ ಪಟ್ಟಿಯಲ್ಲಿ ಉದ್ದ ಅಡ್ಡಗೆರೆ ಎಳೆದು ಕಾರಣ ಬರೆಯಬೇಕು. ಈ ಜೋಡಿಯಲ್ಲಿ ದೊಡ್ಡ ಮುರುಕುಗಳು: 1720ರಿಂದ 1731–32, 1800–01, 1807–12, 1854–56, 1918ರಿಂದ 1924, 1927–29. ಎರಡು ಹಾಳೆಯಲ್ಲಿ ಗೆರೆಯ ಎರಡು ತುದಿ ಒಂದೇ ಕಡೆ ಬರಬೇಕೆಂದಿಲ್ಲ. ಮೊದಲನೆಯದನ್ನೇ ನೋಡಿ: ಬ್ರಿಟಿಷ್ ಕಡೆ ರೊಂಡೋ 1731ಕ್ಕೆ ಗೆರೆ ಮುಗಿಸುತ್ತಾನೆ, ರಷ್ಯನ್ ಕಡೆ ಕಾಂತೆಮೀರ್ 1732ಕ್ಕೆ. 1800ರಲ್ಲಿ ಪೌಲ್ ದೊರೆ ಸಂಬಂಧ ಕಡಿದುಕೊಂಡಾಗ ಲಂಡನ್ನಿನಲ್ಲಿದ್ದ ರಷ್ಯನ್ ರಾಯಭಾರಿ ಸೆಮ್ಯೋನ್ ವೊರೊಂತ್ಸೋವ್ ಹುದ್ದೆ ಕಳೆದುಕೊಂಡರೂ ಇಂಗ್ಲೆಂಡ್ ಬಿಡಲಿಲ್ಲ. 1801ರ ಮಾರ್ಚಿನಲ್ಲಿ ಪೌಲ್ ಕೊಲೆಯಾಗಿ ಮಗ ಅಲೆಕ್ಸಾಂಡರ್ ಬಂದ ಮೇಲೆ ಅದೇ ಮನುಷ್ಯ ಮತ್ತೆ ರಾಯಭಾರಿ, 1806ರ ತನಕ. 1785–1806 ಎಂದು ಒಂದೇ ಸಾಲು ಹಾಕಿದರೆ ಒಂದು ದೊರೆಯ ಸಿಟ್ಟು, ಸಾವು ಎರಡೂ ಮಾಯ.

1917ರ ನಂತರದ ಭಾಗಕ್ಕೆ ತಾಳ್ಮೆ ಬೇಕು. ರಾಯಭಾರಿ ಬೆಂಕೆನ್‌ಡಾರ್ಫ್ ಆ ವರ್ಷ ಜನವರಿಯಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಶಾರ್ಜೆ ದಫೇರ್ ಆಗಿ ಕಚೇರಿ ನಡೆಸುತ್ತಿದ್ದವನು ಕಾನ್‌ಸ್ಟಾಂಟಿನ್ ನಬೋಕೊವ್. ನವೆಂಬರ್‌ನಲ್ಲಿ ಅವನ ಸರ್ಕಾರವೇ ಹೋಯಿತು, ಅವನು ಮಾತ್ರ 1919ರ ತನಕ ಅಲ್ಲೇ ಇದ್ದ. ಅದೇ ಲಂಡನ್ನಿನಲ್ಲಿ 1918ರಲ್ಲಿ ಬೋಲ್ಶೆವಿಕ್ ಸರ್ಕಾರದ ಪರ ಮಾನ್ಯತೆಯಿಲ್ಲದೆ ಓಡಾಡುತ್ತಿದ್ದವನು ಲಿತ್ವಿನೋವ್. ರಷ್ಯಾದಲ್ಲಿ ಅವನ ಪ್ರತಿಬಿಂಬ ಬ್ರೂಸ್ ಲಾಕ್‌ಹಾರ್ಟ್, ಅವನೂ ಮಾನ್ಯತೆಯಿಲ್ಲದ ಪ್ರತಿನಿಧಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆ ಇಬ್ಬರನ್ನೂ ಬಂಧಿಸಿ ಆಮೇಲೆ ಅದಲುಬದಲು ಮಾಡಿಕೊಂಡರು. ಇವರಿಗೆ ಅಧಿಕಾರ ಪತ್ರ ಇರಲಿಲ್ಲ. ಗೆರೆಯ ಒಳಗೆ ಸಣ್ಣ ಅಕ್ಷರದಲ್ಲಿ, ‘ಅನಧಿಕೃತ’ ಎಂದು ಬರೆಯಿರಿ. ಪೂರ್ತಿ ಬಿಟ್ಟರೂ ತಪ್ಪು, ರಾಯಭಾರಿಗಳ ಸಾಲಿಗೆ ಸೇರಿಸಿದರೂ ತಪ್ಪು.

1921ರ ಮಾರ್ಚ್ 16ರ ವ್ಯಾಪಾರ ಒಪ್ಪಂದದಿಂದ ಬಂದವರು ವ್ಯಾಪಾರ ಪ್ರತಿನಿಧಿಗಳು. ಪೂರ್ಣ ಮಾನ್ಯತೆ 1924ರ ಫೆಬ್ರವರಿ 1ಕ್ಕೆ. ಆಗಲೂ ಎರಡೂ ಕಡೆ ಶಾರ್ಜೆ ದಫೇರ್ ಮಟ್ಟವೇ: ಮಾಸ್ಕೋದಲ್ಲಿ ರಾಬರ್ಟ್ ಹಾಡ್ಜ್‌ಸನ್, ಲಂಡನ್ನಿನಲ್ಲಿ ರಕೋವ್‌ಸ್ಕಿ. 1927ರ ಮೇ 12ರಂದು ಲಂಡನ್ ಪೊಲೀಸರು ಸೋವಿಯತ್ ವ್ಯಾಪಾರ ಸಂಸ್ಥೆ ಆರ್ಕೋಸ್ ಮೇಲೆ ದಾಳಿ ಮಾಡಿದರು, ಅದೇ ತಿಂಗಳ ಕೊನೆಗೆ ಸಂಬಂಧ ಮುರಿಯಿತು. 1929ರಲ್ಲಿ ಮತ್ತೆ ಜೋಡಿಸಿದಾಗ ಅಂಬಾಸಡರ್ ಮಟ್ಟಕ್ಕೆ: ಅತ್ತ ಎಸ್ಮಂಡ್ ಓವಿ, ಇತ್ತ ಸೊಕೋಲ್ನಿಕೊವ್. ಸೊಕೋಲ್ನಿಕೊವ್‌ನ ಪತ್ರ ಸ್ವೀಕರಿಸಿದ್ದು 5ನೇ ಜಾರ್ಜ್ ಅಲ್ಲ, ಅವನ ಪರವಾಗಿ ಪ್ರಿನ್ಸ್ ಆಫ್ ವೇಲ್ಸ್. ಬೋಲ್ಶೆವಿಕರು ಗುಂಡಿಟ್ಟು ಕೊಂದ ತ್ಸಾರ್ 2ನೇ ನಿಕೊಲಾಸ್, 5ನೇ ಜಾರ್ಜ್‌ಗೆ ಹತ್ತಿರದ ಸಂಬಂಧಿ. ‘ಪತ್ರ ಸ್ವೀಕರಿಸಿದವರು’ ಕಾಲಂ ಯಾಕೆ ಬೇಕು ಅಂದರೆ ಇದಕ್ಕೆ.

ಸೋವಿಯತ್ ಸಾಲುಗಳಲ್ಲಿ ಇನ್ನೊಂದು ಮಾತು. ಅಂಬಾಸಡರ್, ಎನ್ವಾಯ್ ಎಲ್ಲ ಹಳೆ ಕಾಲದ್ದೆಂದು 1918ರಲ್ಲಿ ತೆಗೆದುಹಾಕಿ ಎಲ್ಲರನ್ನೂ ‘ಪೋಲ್‌ಪ್ರೆದ್’, ಅಂದರೆ ಪೂರ್ಣಾಧಿಕಾರದ ಪ್ರತಿನಿಧಿ ಎಂದು ಕರೆದರು. 1941ರ ಮೇ 9ರಂದು ಹಳೆ ದರ್ಜೆಗಳು ವಾಪಸ್ ಬಂದವು. ಇವಾನ್ ಮಾಯ್‌ಸ್ಕಿ 1932ರಿಂದ 1943ರ ತನಕ ಒಂದೇ ಕುರ್ಚಿಯಲ್ಲಿ ಕೂತಿದ್ದರೂ ರಷ್ಯನ್ ದಾಖಲೆಯಲ್ಲಿ ಮೊದಲ ಎಂಟು ಚಿಲ್ಲರೆ ವರ್ಷ ಪೋಲ್‌ಪ್ರೆದ್, ಆಮೇಲೆ ಅಂಬಾಸಡರ್. ಬ್ರಿಟಿಷ್ ದಾಖಲೆಯಲ್ಲಿ ಉದ್ದಕ್ಕೂ ಅಂಬಾಸಡರ್. ಎರಡನ್ನೂ ಬರೆಯಿರಿ.

1991ರ ಡಿಸೆಂಬರ್ ದಾಟಿದವರಿಗೂ ಇಂಥದೇ ಕಷ್ಟ. ಬ್ರಿಟಿಷ್ ರಾಯಭಾರಿ ರಾಡ್ರಿಕ್ ಬ್ರೈತ್‌ವೇಟ್ 1988ರಲ್ಲಿ ಹೋದದ್ದು ಸೋವಿಯತ್ ಒಕ್ಕೂಟಕ್ಕೆ, 1992ರಲ್ಲಿ ಹೊರಟದ್ದು ರಷ್ಯಾದಿಂದ. ಅವರು ಮನೆ ಬದಲಿಸಲಿಲ್ಲ, ದೇಶ ಬದಲಾಯಿತು.

ಒಂದೇ ಹೆಸರು, ಬೇರೆ ಜನ

ಈ ಪಟ್ಟಿಯಲ್ಲಿ ಚಾರ್ಲ್ಸ್ ವಿಟ್‌ವರ್ತ್ ಇಬ್ಬರು. ಒಬ್ಬ ಮೇಲೆ ಹೇಳಿದ ಕ್ಷಮೆಯವನು, 1704ರಲ್ಲಿ ನೇಮಕ. ಇನ್ನೊಬ್ಬ 1788ರಿಂದ 1800. ಇಬ್ಬರೂ ಮುಂದೆ ಬ್ಯಾರನ್ ವಿಟ್‌ವರ್ತ್. 9ನೇ ಲಾರ್ಡ್ ಕ್ಯಾತ್‌ಕಾರ್ಟ್ 1768ರಿಂದ 1772. ಅವನ ಮಗ 1812ರಿಂದ 1820. ಗ್ರ್ಯಾನ್‌ವಿಲ್ ಲೆವಿಸನ್-ಗೋವರ್ 1804ರಲ್ಲಿ ಹೋದವನು. 1856ರ ಪಟ್ಟಾಭಿಷೇಕಕ್ಕೆ ಹೋದ ಅರ್ಲ್ ಗ್ರ್ಯಾನ್‌ವಿಲ್ ಅವನ ಮಗ. ಸರ್ ಆ್ಯಂಡ್ರೂ ಬ್ಯುಕ್ಯಾನನ್ 1864ರಿಂದ 1871. ಕೊನೆಯ ತ್ಸಾರನ ಕಾಲದ ಸರ್ ಜಾರ್ಜ್ ಅವರ ಮಗ. ಹುಟ್ಟಿದ ಹೆಸರು, ಆ ದಿನ ಇದ್ದ ಬಿರುದು ಎರಡನ್ನೂ ಬೇರೆ ಕಾಲಂನಲ್ಲಿಟ್ಟರೆ ಅಪ್ಪ ಮಗ ಅಂಟಿಕೊಳ್ಳುವುದಿಲ್ಲ. ಮುಂದೆ ಸಿಕ್ಕ ಬಿರುದನ್ನು ಹಿಂದಿನ ಸಾಲಿಗೆ ತರಬೇಡಿ.

ರಷ್ಯನ್ ಹೆಸರುಗಳಿಗೆ ಒಂದೇ ಕಾಗುಣಿತ ಆರಿಸಿ ಕೊನೆಯ ತನಕ ಅದನ್ನೇ ಬಳಸಿ. ವೊರೊಂತ್ಸೋವ್‌ನನ್ನು ಹಳೆ ಇಂಗ್ಲಿಷ್ ಕಾಗದಗಳು ‘ವೊರೊನ್‌ಜೋ’ ಎಂದು ಓದುವ ಹಾಗೆ ಬರೆದಿವೆ. ಲಂಡನ್ನಿನಲ್ಲಿ ಅವನ ಹೆಸರಿನ ರಸ್ತೆಗೆ ಇವತ್ತಿಗೂ ಅದೇ ಕಾಗುಣಿತ. ಹುಡುಕುವಾಗ ಅದೂ ಬೇಕಾಗುತ್ತದೆ, ಟಿಪ್ಪಣಿಯಲ್ಲಿ ಇಟ್ಟಿರಿ.

ಊರಿನ ಕಾಲಂ ಬೇಕೆನಿಸಿದರೆ ಸೇರಿಸಿ. 18ನೇ ಶತಮಾನದ ಎರಡನೇ ದಶಕದಿಂದ ಬಹುಮಟ್ಟಿಗೆ ಆಗಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್, 1918ರಿಂದ ಮಾಸ್ಕೋ, ನಡುವೆ 1941ರ ಅಕ್ಟೋಬರಿನಿಂದ 1943ರ ಆಗಸ್ಟ್ ತನಕ ಯುದ್ಧದ ಕಾರಣ ಕೂಯ್ಬಿಷೆವ್ (ಇಂದಿನ ಸಮಾರಾ). ಮಾಸ್ಕೋದ ಬ್ರಿಟಿಷ್ ಕಚೇರಿ 1931ರಿಂದ ಕ್ರೆಮ್ಲಿನ್ ಎದುರಿನ ಸೋಫಿಯಾ ದಂಡೆಯ ಸಕ್ಕರೆ ವ್ಯಾಪಾರಿಯ ಮಹಲಿನಲ್ಲಿತ್ತು, 2000ದಲ್ಲಿ ಸ್ಮೊಲೆನ್ಸ್ಕ್ ದಂಡೆಗೆ ಹೋಯಿತು.

ಎಲ್ಲಿ ಹುಡುಕಬೇಕು, ಹೇಗೆ ತಾಳೆ ನೋಡಬೇಕು

ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಾಖಲೆ ಭಂಡಾರದ ಸೂಚಿಯನ್ನು ಮನೆಯಿಂದಲೇ ಹುಡುಕಬಹುದು. ರಷ್ಯಾಕ್ಕೆ ಸಂಬಂಧಿಸಿದ ಸರಣಿ 1780ರ ತನಕ ಎಸ್‌ಪಿ 91, 1781ರಿಂದ 1905ರ ತನಕ ಎಫ್‌ಒ 65, ಆಮೇಲೆ ಎಲ್ಲ ದೇಶಗಳ ಜೊತೆ ಎಫ್‌ಒ 371. ನೇಮಕದ ದಿನಕ್ಕೆ ಲಂಡನ್ ಗೆಜೆಟ್ ಸಾಕು, ಹಳೆ ಸಂಚಿಕೆಗಳು ಉಚಿತವಾಗಿ ಓದಲು ಸಿಗುತ್ತವೆ. ಗೆಜೆಟ್ ಹೇಳುವುದು ನೇಮಕವನ್ನಷ್ಟೇ. ಹೋದನೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಕ್ಯಾನಿಂಗ್ ಕಥೆ ನೆನಪಿರಲಿ. ಮಾಸ್ಕೋದ ಹಳೆ ದಾಖಲೆಗಳ ರಾಜ್ಯ ಭಂಡಾರದಲ್ಲಿ ಇಂಗ್ಲೆಂಡಿನ ಸಂಬಂಧದ ಕಾಗದಗಳು 35ನೇ ಸಂಗ್ರಹದಲ್ಲಿವೆ.

ಪ್ರತಿ ಸಾಲಿಗೂ ಸಾಧ್ಯವಾದರೆ ಎರಡೂ ದೇಶಗಳಿಂದ ಒಂದೊಂದು ಆಧಾರ ಹಿಡಿಯಿರಿ. ಕಳುಹಿಸಿದ ದೇಶಕ್ಕೆ ನೇಮಕ ಮತ್ತು ವಾಪಸಾತಿ ಚೆನ್ನಾಗಿ ಗೊತ್ತಿರುತ್ತದೆ. ಬರಮಾಡಿಕೊಂಡ ದೇಶಕ್ಕೆ ತಲುಪಿದ ದಿನ, ಪತ್ರ ಸಲ್ಲಿಸಿದ ದಿನ ಗೊತ್ತಿರುತ್ತದೆ.

ಪಟ್ಟಿ ಮುಗಿದ ಮೇಲೆ ಬಲದಿಂದ ಎಡಕ್ಕೆ ಓದಿ. ಹೊರಟ ದಿನಕ್ಕಿಂತ ಪತ್ರ ಸಲ್ಲಿಸಿದ್ದು ಹಿಂದೆ, ಅದಕ್ಕಿಂತ ತಲುಪಿದ್ದು ಹಿಂದೆ, ಅದಕ್ಕಿಂತ ನೇಮಕ ಹಿಂದೆ ಇರಬೇಕು. ಎಲ್ಲಾದರೂ ಸರಿಯಾಗಿ ಒಂದು ವರ್ಷ ಹಿಂದುಮುಂದಾಗಿದ್ದರೆ ಮಾರ್ಚ್ 25ರ ತಪ್ಪು. 11, 12 ಅಥವಾ 13 ದಿನ ವ್ಯತ್ಯಾಸವಿದ್ದರೆ ಪಂಚಾಂಗದ ತಪ್ಪು. 22, 24, 26 ದಿನವಾದರೆ ಯಾರೋ ಎರಡು ಸಲ ಕೂಡಿಸಿದ್ದಾರೆ. ಹತ್ತು ವರ್ಷಕ್ಕಿಂತ ಉದ್ದದ ಅವಧಿ ಕಂಡರೆ ನಡುವೆ ಮುರುಕು ಅಡಗಿದೆಯೇ, ದೊರೆ ಬದಲಾಗಿ ಹೊಸ ಪತ್ರ ಬಂದಿದೆಯೇ ನೋಡಿ. ಇದ್ಯಾವುದೂ ಅಲ್ಲದೆ ಸಾಲು ಹೊಂದದಿದ್ದರೆ ಅಪ್ಪನ ಜಾಗದಲ್ಲಿ ಮಗ ಕೂತಿದ್ದಾನೆ ಎಂದು ಹಿಡಿದು ಹುಡುಕಲು ಶುರುಮಾಡಿ.